ಹನಿ ಹರಡಿದ ವರ್ಷ

ಹೋದ ತಿಂಗಳು ಒಂದು ದೃಢೀಕರಣ ಪತ್ರದ ನಕಲು ಮಾಡಿಸಲು ಚಾಮರಾಜನಗರದ ಕಚೇರಿಯೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಯಂತ್ರ ಹಳೆಯದು, ಬೆಳಗಿನಿಂದ ಬಿಡುವಿಲ್ಲದೆ ಓಡಿ ಕಾದುಹೋಗಿತ್ತು. ಅದರ ಹಿಂಬದಿಯಿಂದ ಒಂದು ಚುರುಕಾದ ವಾಸನೆ ಬರುತ್ತಿತ್ತು. ಸಿಡಿಲು ಬಡಿದ ಮೇಲೆ ಗಾಳಿಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ಅಂಗಡಿಯವನು "ಎಷ್ಟ್ ಕಾಪಿ ಮೇಡಂ?" ಎಂದು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲೇ ಇಲ್ಲ. ನಾನಾಗಲೇ ಗುಂಡ್ಲುಪೇಟೆಯ ಕಾಲೇಜಿನ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಎರಡು ಸಾವಿರದ ಐದನೆಯ ಇಸವಿಯಲ್ಲಿದ್ದೆ.

ಅದು ಓಜೋನಿನ ವಾಸನೆ. ಒಂದು ವರ್ಷ ಪೂರ್ತಿ ಅದು ನನ್ನ ಸೀರೆಯ ಸೆರಗಿನಲ್ಲಿ, ತಲೆಗೂದಲಲ್ಲಿ ಇರುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಒಮ್ಮೊಮ್ಮೆ ಮೂಗೆಳೆದು ನೋಡುತ್ತಿದ್ದರು.

ಆಗ ನಾನು ಗುಂಡ್ಲುಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕಿ. ಮನೆ ಚಾಮರಾಜನಗರದಲ್ಲಿ. ದಿನಾ ಬೆಳಿಗ್ಗೆ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿದರೆ ಗಂಟೆಯೊಳಗೆ ಕಾಲೇಜು. ಪಿಎಚ್.ಡಿ.ಗೆ ಮೈಸೂರಿನಲ್ಲಿ ನೋಂದಾಯಿಸಿ ಏಳನೆಯ ವರ್ಷ ನಡೆಯುತ್ತಿತ್ತು. ಮೇ ತಿಂಗಳಲ್ಲಿ ನನ್ನ ಗೈಡು, ಎಂದೂ ದನಿ ಏರಿಸದ ಮನುಷ್ಯ, ಕಾಗದವೊಂದನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ ಹೇಳಿದರು: "ಇದೇ ಕೊನೆಯ ವಿಸ್ತರಣೆ. ಮುಂದಿನ ವರ್ಷದ ಜೂನ್ ಮುಗಿಯುವುದರೊಳಗೆ ಪ್ರಬಂಧ ಬರದಿದ್ದರೆ ನೋಂದಣಿ ರದ್ದಾಗುತ್ತದೆ. ನನ್ನ ಕೈಯಲ್ಲಿ ಇನ್ನೇನೂ ಇಲ್ಲ."

ಮೈಸೂರಿನಲ್ಲಿ ಕೂತು ಕೆಲಸ ಮಾಡಲು ನನಗೆ ರಜೆ ಸಿಗುವಂತಿರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಇದ್ದವರು ಇಬ್ಬರೇ. ಹಾಗಾಗಿ ಪ್ರಯೋಗಶಾಲೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಉಪಕರಣವೊಂದನ್ನು ಗುಂಡ್ಲುಪೇಟೆಗೇ ಒಯ್ಯಲು ಅವರು ಬರೆದುಕೊಟ್ಟರು. ಒಂದು ದೊಡ್ಡ ಗಾಜಿನ ಗಂಟೆ, ಅದರೊಳಗೆ ಎದುರುಬದುರಾಗಿ ಎರಡು ಅಲ್ಯುಮಿನಿಯಂ ತಟ್ಟೆ, ಗಾಳಿ ಎಳೆಯುವ ಪಂಪು, ಒಂದು ಟ್ರಾನ್ಸ್‌ಫಾರ್ಮರು. ಗಂಟೆಯೊಳಗಿನ ಗಾಳಿಯನ್ನು ಬಹುಪಾಲು ಹೊರಗೆಳೆದು, ಉಳಿದ ಅಷ್ಟಿಷ್ಟಕ್ಕೆ ಹೆಚ್ಚಿನ ವೋಲ್ಟೇಜು ಕೊಟ್ಟರೆ ಆ ತೆಳುಗಾಳಿ ಒಡೆದು ಹೊಳೆಯತೊಡಗುತ್ತದೆ. ಅದೇ ಪ್ಲಾಸ್ಮಾ. ಅದರಲ್ಲಿ ಪ್ಲಾಸ್ಟಿಕ್ಕಿನ ತುಂಡನ್ನು ಒಂದೆರಡು ನಿಮಿಷ ಇಟ್ಟರೆ ಒಡಲು ಇದ್ದಂತೆಯೇ ಇರುತ್ತದೆ, ಮೇಲಿನ ಮೈ ಮಾತ್ರ ಬದಲಾಗುತ್ತದೆ. ನೀರನ್ನು ದೂರ ತಳ್ಳುತ್ತಿದ್ದದ್ದು ಹತ್ತಿರ ಕರೆಯುತ್ತದೆ. ದೇಹದೊಳಗೆ ಇಡುವ ನಳಿಕೆ, ಕವಾಟಗಳಂಥವಕ್ಕೆ ಇದರಿಂದ ಉಪಯೋಗವಿದೆ ಎಂದು ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆದಿದ್ದೆ. ಎಲ್ಲರೂ ಹಾಗೆ ಬರೆಯುತ್ತಿದ್ದರು, ನಾನೂ ಬರೆದಿದ್ದೆ. ಅಂಥ ನಳಿಕೆಯೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಗಾಜಿನ ಗಂಟೆಯನ್ನು ಕಂಬಳಿಯಲ್ಲಿ ಸುತ್ತಿ, ಮೈಸೂರಿನಿಂದ ತೊಡೆಯ ಮೇಲಿಟ್ಟುಕೊಂಡೇ ತಂದೆ. ನಂಜನಗೂಡು ದಾಟಿದ ಮೇಲೆ ಕಂಡಕ್ಟರು ಬಗ್ಗಿ, "ಮಗೀಗೆ ಉಸ್ರು ಕಟ್ಟೀತು, ಮೊಕದ ಮ್ಯಾಲಿನ ಬಟ್ಟೆ ಒಸಿ ತಗೀರಮ್ಮ" ಎಂದರು. ತೆಗೆದು ತೋರಿಸಿದೆ. ಆಮೇಲೆ ಗುಂಡ್ಲುಪೇಟೆಯವರೆಗೂ ಪ್ರತಿ ಹಂಪು ಬಂದಾಗ ಡ್ರೈವರಿಗೆ "ಮೆಲ್ಲುಕ, ಗಾಜದ" ಎಂದು ಕೂಗಿ ಹೇಳುತ್ತಾ ಬಂದರು.

ಕಾಲೇಜಿನಲ್ಲಿ ಹಿಂದೆ ಫೋಟೋ ತೊಳೆಯಲು ಇದ್ದ ಕತ್ತಲೆ ಕೋಣೆಯನ್ನು ಪ್ರಿನ್ಸಿಪಾಲರು ಬಿಟ್ಟುಕೊಟ್ಟರು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಕರೆಂಟು ನೆಚ್ಚಬಹುದಾಗಿತ್ತು. ಆಮೇಲೆ ಅದರ ದಾರಿ ಅದಕ್ಕೆ. ಹಾಗಾಗಿ ಆ ವರ್ಷವೆಲ್ಲ ನಾನು ಮೊದಲ ಬಸ್ಸಿನ ಪ್ರಯಾಣಿಕಳು. ಜೂನಿನ ಬೆಳಗುಗಳಲ್ಲಿ ಮೋಡ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ತಗ್ಗಾಗಿ ಬಂದು, ಸುರಿಯುತ್ತೇನೆ ಎನ್ನುವಂತೆ ನಟಿಸಿ, ಒಂದು ತುಂತುರು ಎರಚಿ ಹೋಗುತ್ತಿತ್ತು. ಬಯಲಿನ ಮೇಲೆ ಗಾಳಿಯಂತೂ ನಿಲ್ಲುತ್ತಲೇ ಇರಲಿಲ್ಲ. ಬಸ್ಸಿಳಿದು ಕಾಲೇಜು ಮುಟ್ಟುವಷ್ಟರಲ್ಲಿ ಕೈಬೆರಳು ಮರಗಟ್ಟುತ್ತಿದ್ದವು.

ಅಷ್ಟು ಹೊತ್ತಿಗೇ ಬೀಗ ತೆಗೆದು, ಕಸ ಗುಡಿಸಿ, ಬಾಗಿಲಲ್ಲಿ ನಿಂತಿರುತ್ತಿದ್ದವಳು ಚಿಕ್ಕತಾಯಮ್ಮ. ನಮ್ಮ ಪ್ರಯೋಗಶಾಲೆಯ ಅಟೆಂಡರು, ದಿನಗೂಲಿಯ ಮೇಲೆ. ಹಂಗಳದಿಂದ ಬರುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ಓದಿದ್ದು ಏಳನೆಯ ತರಗತಿ, ಅಕ್ಷರ ಮಾತ್ರ ಅಚ್ಚಿನಂತೆ. ಬಾಟಲಿಗಳ ಮೇಲಿನ ಚೀಟಿಯನ್ನೆಲ್ಲ ಅವಳೇ ಬರೆಯುತ್ತಿದ್ದಳು.

ಮೊದಲ ಮೂರು ವಾರ ನಮಗೆ ಕಂಡದ್ದು ಸೋಲೇ. ಪಂಪು ಎಷ್ಟು ಓಡಿಸಿದರೂ ಗಂಟೆಯೊಳಗಿನ ಒತ್ತಡ ಇಳಿಯುತ್ತಿರಲಿಲ್ಲ. ಎಲ್ಲೋ ಗಾಳಿ ಸೋರುತ್ತಿತ್ತು. ಎಲ್ಲಿ ಎಂದು ಗೊತ್ತಿಲ್ಲ. ಒಂದು ದಿನ ಚಿಕ್ಕತಾಯಮ್ಮ, "ಫ್ರಿಜ್ ರಿಪೇರಿ ಯೂಸುಫಣ್ಣನ ಕರೀಲಾ ಮೇಡಮ್ಮೋರೆ? ಅವುರ್ದೂವೆ ಗಾಳಿ ಎಳ್ಯಾ ಕೆಲ್ಸಾನೆಯ" ಎಂದಳು. ನನಗೆ ನಾಚಿಕೆಯಾಯಿತು. ಏಳು ವರ್ಷ ಓದಿದ ನನಗೆ ಅದು ಹೊಳೆದಿರಲಿಲ್ಲ.

ಯೂಸುಫ್ ಕೇರಳದ ಬತ್ತೇರಿಯ ಕಡೆಯವರು, ಊಟಿ ರಸ್ತೆಯಲ್ಲಿ ಅಂಗಡಿ ಇಟ್ಟು ಹದಿನೈದು ವರ್ಷವಾಗಿತ್ತು. ಬಂದವರು ಏನೂ ಮುಟ್ಟದೆ ಗಂಟೆಯ ಸುತ್ತ ಎರಡು ಸುತ್ತು ಬಂದರು. "ಇದು ಫ್ರಿಜ್ ಅಲ್ಲ, ಆದ್ರೆ ಫ್ರಿಜ್‌ನ ಚೇಟನ್" ಎಂದರು, ಅಂದರೆ ಅಣ್ಣ. ಕೀಲುಗಳನ್ನೆಲ್ಲ ಬಿಚ್ಚಿ ಒರೆಸಿ ಮತ್ತೆ ಜೋಡಿಸಿದರು. ಒಂದು ಮಸುಕು ಬೆಳಕು ಬಂತು, ಗುಲಾಬಿಗೆ ತಿರುಗಿದ ನೇರಳೆ. ಆಗ ನನಗೆ ಪುಸ್ತಕದಲ್ಲಿ ಓದಿದ್ದೊಂದು ನೆನಪಾಯಿತು. ಸೋರುವ ಜಾಗಕ್ಕೆ ಸ್ಪಿರಿಟ್ ಹಚ್ಚಿದರೆ ಅದರ ಆವಿ ಒಳಗೆ ಹೋಗಿ ಬೆಳಕಿನ ಬಣ್ಣ ಬದಲಾಗುತ್ತದೆ. ಯೂಸುಫ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ಕೀಲಿಗೆ ಮುಟ್ಟಿಸುತ್ತಾ ಹೋದರು. ಚಿಕ್ಕತಾಯಮ್ಮನೂ ನಾನೂ ಗಂಟೆಯನ್ನೇ ದಿಟ್ಟಿಸುತ್ತಾ ಕೂತೆವು. ತಳದ ವೈರು ಒಳಹೋಗುವ ತೂತಿನ ಬಳಿ ಹತ್ತಿ ಬಂದಾಗ ಬೆಳಕು ತಟಕ್ಕನೆ ಬೆಳ್ಳಗೆ ನೀಲಿಯಾಯಿತು.

"ಅಲ್ಲೇ! ಅಲ್ಲೇ ಕಣಣ್ಣ, ಇನ್ನೊಂದ್ಸಲ ಮುಟ್ಸು!" ಎಂದು ಚಿಕ್ಕತಾಯಮ್ಮ ಕೂಗಿದಳು.

ಮುಟ್ಟಿಸಿದರು. ಮತ್ತೆ ನೀಲಿ. ಆ ತೂತಿಗೆ ತಮ್ಮ ಅಂಗಡಿಯ ಮೇಣದಂಥ ಗೋಂದು ಹಾಕಿ ಮುಚ್ಚಿದರು. ಒಂದು ಪೈಸೆಯನ್ನೂ ಮುಟ್ಟಲಿಲ್ಲ. "ಬೆಳಕು ಚೆನ್ನಾಗಿ ಬಂದ ದಿವಸ ಕರೀರಿ, ನೋಡ್ಬೇಕು" ಎಂದಷ್ಟೇ ಹೇಳಿ ಹೋದರು.

ಜುಲೈ ಕೊನೆಯ ವಾರ ಸಿಲಿಕೋನ್ ರಬ್ಬರಿನ ಮೊದಲ ತುಂಡನ್ನು ಪ್ಲಾಸ್ಮಾದಲ್ಲಿಟ್ಟು ತೆಗೆದೆ. ನೋಡಲು ಎರಡೂ ಒಂದೇ, ಪ್ಲಾಸ್ಮಾ ಮುಟ್ಟಿದ್ದು ಮತ್ತು ಮುಟ್ಟದ್ದು. ಸಿರಿಂಜಿನಿಂದ ಮುಟ್ಟದ ತುಂಡಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಅದು ಕೆಸುವಿನ ಎಲೆಯ ಮೇಲೆ ಕೂತಂತೆ ದುಂಡಗೆ ಕೂತಿತು. ಇನ್ನೊಂದರ ಮೇಲೆ ಬಿಟ್ಟೆ. ಹನಿ ಒಂದು ಗಳಿಗೆ ಯೋಚಿಸಿದಂತೆ ಮಾಡಿ, ಮೆಲ್ಲಗೆ ಹರಡಿ, ತೆಳುವಾಗಿ ಅಂಟಿಕೊಂಡಿತು. ಚಿಕ್ಕತಾಯಮ್ಮ ಬೆರಳಿನಿಂದ ಮುಟ್ಟಲು ಹೋಗಿ ಕೈ ಹಿಂದೆಗೆದುಕೊಂಡಳು. "ನೀರ್ಗೂ ಈಗ ಇಲ್ಲಿ ಇರಕ್ಕೆ ಮನ್ಸ್ ಬಂದದ" ಎಂದಳು.

ಆಗಸ್ಟಿನಲ್ಲಿ ಅವಳು ಹೇಳದೆ ಕೇಳದೆ ಬಾರದ ದಿನಗಳು ಹೆಚ್ಚಾದವು. ಚೆಂಡು ಹೂವಿನ ಹೊಲಗಳು ರಸ್ತೆಯ ಎರಡೂ ಬದಿಗೆ ಹಳದಿಯಾಗಿದ್ದವು, ಹೂ ಬಿಡಿಸುವ ಕೂಲಿಗೆ ಹೋಗುತ್ತಿರಬೇಕು ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡರು. ಪ್ರಿನ್ಸಿಪಾಲರು ಅವಳನ್ನು ಕರೆದು, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು. ಅವಳು ತಲೆ ತಗ್ಗಿಸಿ ನಿಂತಿದ್ದಳೇ ಹೊರತು ಕಾರಣ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಕತ್ತಲೆ ಕೋಣೆಯಲ್ಲಿ ನಾನೇ ಕೇಳಿದೆ.

ಅವಳ ಗಂಡ ನಂಜಪ್ಪ ಗಾರೆ ಕೆಲಸದವನು. ಎರಡು ವರ್ಷದ ಹಿಂದೆ ಚಾಮರಾಜನಗರದಲ್ಲಿ ಕಟ್ಟುತ್ತಿದ್ದ ಮಹಡಿಯ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಉಚ್ಚೆಗೆ ನಳಿಕೆ ಹಾಕಿದ್ದರು. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಅದನ್ನು ಬದಲಿಸಬೇಕು. ಆದರೆ ಮೂರು ವಾರ ತುಂಬುವ ಮೊದಲೇ ನಳಿಕೆ ಕಟ್ಟಿಕೊಳ್ಳುತ್ತಿತ್ತು.

"ಹೊಟ್ಟೆ ಕಲ್ಲಾದಂಗ್ ಆಯ್ತದ ಮೇಡಮ್ಮೋರೆ. ಜರ ಬಂದು ಮೈಯೆಲ್ಲ ನಡುಗ್ತದ. ಆಟೋ ಮಾಡ್ಕಂಡು ಆಸ್ಪತ್ರೆಗೆ ಓಡ್ಬೇಕು. ಯಾವತ್ತು ಆಯ್ತದ ಅಂತ ಗೊತ್ತಾಗದಿಲ್ಲ. ಪಿನ್ಸಿಪಾಲ್ರ ಮುಂದ ನನ್ ಗಂಡನ್ ಉಚ್ಚೆ ಕತೆ ಎಂಗ್ ಹೇಳ್ಲಿ?"

ಗಂಟೆಯ ಕಡೆ ತಿರುಗಿ ಕೇಳಿದಳು. "ಆ ಪೈಪೂ ರಬ್ಬರೇ ಅಲ್ವಾ? ನೀವ್ ಮಾಡದು ಅದ್ಕೇ ಅಲ್ವಾ?"

ನಾನು ಅದಕ್ಕೇ ಎಂದು ಪ್ರಬಂಧದಲ್ಲಿ ಬರೆದಿದ್ದೆ. ಹೌದು ಎನ್ನುವ ಬದಲು, ಕಟ್ಟಿಕೊಂಡ ನಳಿಕೆಯೊಂದನ್ನು ಆಸ್ಪತ್ರೆಯಲ್ಲಿ ಕೇಳಿ ತರಲು ಹೇಳಿದೆ.

ಮುಂದಿನ ಸಲ ತೆಗೆದ ನಳಿಕೆಯನ್ನು ಆಸ್ಪತ್ರೆಯ ಸಿಸ್ಟರ್ ಒಬ್ಬರು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಕವರಿನಲ್ಲಿ ಹಾಕಿ ಕೊಟ್ಟರು. ಕೈಗವಸು ಹಾಕಿಕೊಂಡು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಮೈಗೆ ಹಂಡೆಯ ತಳದಲ್ಲಿ ಕಟ್ಟುವಂಥ ಬೂದುಬಿಳಿ ಹಕ್ಕಳೆ. ತುದಿಯ ತೂತಿನ ಬಳಿ ಅದು ಎಷ್ಟು ದಪ್ಪವಾಗಿತ್ತೆಂದರೆ ಸೂಜಿ ತೂರುವಷ್ಟೂ ಜಾಗವಿರಲಿಲ್ಲ. ಅಲ್ಲಿಯವರೆಗೂ ನಾನು ಕೆಲಸ ಮಾಡುತ್ತಿದ್ದದ್ದು ನುಣುಪಾದ ಚಪ್ಪಟೆ ಹಾಳೆಗಳ ಮೇಲೆ, ಅಳೆಯುತ್ತಿದ್ದದ್ದು ಹನಿಯ ಅಂಚು ಹಾಳೆಯೊಡನೆ ಮಾಡುವ ಕೋನ. ಆ ಸೀಳಿದ ನಳಿಕೆಯನ್ನು ನೋಡಿದ ಮೇಲೆ ಬರೀ ಕೋನ ಅಳೆದು ಪ್ರಬಂಧ ಮುಗಿಸಲು ಮನಸ್ಸು ಒಪ್ಪಲಿಲ್ಲ.

ಗೈಡಿಗೆ ಹೇಳಿದೆ. "ಹತ್ತು ತಿಂಗಳಿದೆ. ಈಗ ದಿಕ್ಕು ಬದಲಿಸುತ್ತೀಯಾ?" ಎಂದರು. ನನ್ನ ಕರಡನ್ನು ತಿರುವಿ ನೋಡಿ ಮುಂದುವರಿಸಿದರು. "ಒಂದೇ ಒಂದು ಅಧ್ಯಾಯ ಸೇರಿಸು. ಹಕ್ಕಳೆ ಕಟ್ಟುತ್ತದೋ ಇಲ್ಲವೋ ನೋಡು. ಆದರೆ ಮನುಷ್ಯರ ಮೂತ್ರ ಮುಟ್ಟಬೇಡ, ನಿನ್ನ ಕಾಲೇಜಿನಲ್ಲಿ ಅದಕ್ಕೆ ತಕ್ಕ ವ್ಯವಸ್ಥೆಯಿಲ್ಲ."

ಲವಣಗಳನ್ನು ಬೆರೆಸಿ ಕೃತಕ ಮೂತ್ರ ಮಾಡುವುದು ಕಷ್ಟವಲ್ಲ. ಆದರೆ ಹಕ್ಕಳೆ ಕಟ್ಟಬೇಕಾದರೆ ಅದರಲ್ಲಿರುವ ಯೂರಿಯಾವನ್ನು ಒಡೆಯುವ ಕಿಣ್ವ ಬೇಕು. ದೇಹದಲ್ಲಿ ಆ ಕೆಲಸವನ್ನು ಕ್ರಿಮಿಗಳು ಮಾಡುತ್ತವೆ. ಕಿಣ್ವವನ್ನು ತರಿಸಿದರೆ ತಂಪು ಪೆಟ್ಟಿಗೆಯಲ್ಲಿ ಬರಬೇಕು. ಆಗ ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು ನಕ್ಕು, "ಹುರುಳಿಯಲ್ಲಿ ಬೇಕಾದಷ್ಟಿದೆ. ನೆನೆಸಿ ರುಬ್ಬಿ ಸೋಸಿ" ಎಂದರು. ಮಾರನೆಯ ದಿನ ಚಿಕ್ಕತಾಯಮ್ಮ ಮನೆಯಿಂದ ಎರಡು ಸೇರು ಹುರುಳಿ ತಂದಳು. ಆಮೇಲೆ ನಮ್ಮ ಕೋಣೆಯಲ್ಲಿ ಓಜೋನಿನ ಜೊತೆ ಅಮೋನಿಯದ ಘಾಟೂ ಸೇರಿಕೊಂಡಿತು. ಹುರುಳಿರಸ ಬೆರೆಸಿದ ಬಾಟಲಿಗಳಲ್ಲಿ ಸಿಲಿಕೋನಿನ ತುಂಡುಗಳನ್ನು ತೂಗಿಬಿಟ್ಟು, ದಿನದಿನಕ್ಕೆ ನೀರು ಬದಲಿಸಿ, ಒಂದು ವಾರ ಬಿಟ್ಟು ತೆಗೆದೆವು. ಪ್ಲಾಸ್ಮಾ ಕಾಣದ ತುಂಡಿನ ಮೇಲೆ ಬೂದುಬಿಳಿ ಹಕ್ಕಳೆ ದಪ್ಪಗೆ ಕೂತಿತ್ತು. ಪ್ಲಾಸ್ಮಾ ಕಂಡದ್ದರ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ.

ಸಂತೋಷದಲ್ಲಿ ನಾನೊಂದು ತಪ್ಪು ಮಾಡಿದೆ. ಮತ್ತೊಮ್ಮೆ ಮಾಡಿ ನೋಡುವ ಮೊದಲೇ ಆ ಎರಡು ತುಂಡುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಚಿಕ್ಕತಾಯಮ್ಮನ ಜೊತೆ ಹಂಗಳದ ಬಸ್ಸು ಹತ್ತಿದೆ.

ನಂಜಪ್ಪ ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ಹಾಕಿದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಅಗಲ ಭುಜ, ಮಾತಿಗೆ ಮೊದಲು ನಗುವ ಕಣ್ಣು. ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದ. "ಇದು ಒಳ್ಳೆ ಪಿನಿಶಿಂಗು ಕಣಮ್ಮಿ ತಾಯಿ" ಎಂದು ಹೆಂಡತಿಗೆ ಹೇಳಿದ. ಊರವರು ಇಬ್ಬರು ಬಂದು ನೋಡಿದರು. ಚಿಕ್ಕತಾಯಮ್ಮ ಕಾಫಿ ಕೊಟ್ಟಳು. ಬಂದವರಿಗೆಲ್ಲ ಹನಿ ಹರಡಿದ ಕತೆಯನ್ನು ಮೊದಲಿನಿಂದ ಹೇಳಿದಳು.

ಎರಡು ದಿನ ಬಿಟ್ಟು ಅವಳು ಒಂದು ಹೊಸ ನಳಿಕೆಯನ್ನು, ಸೀಲು ಒಡೆಯದ ಪೊಟ್ಟಣದಲ್ಲೇ, ನನ್ನ ಮೇಜಿನ ಮೇಲಿಟ್ಟಳು. "ಇದ್ನೂ ಆ ಬೆಳ್ಕಲ್ಲಿ ಇಟ್ಕೊಡಿ."

"ಆಗಲ್ಲ ಚಿಕ್ಕತಾಯಮ್ಮ."

"ಯಾಕಾಗಲ್ಲ? ಅವತ್ತು ಮನೇಗ್ ತಂದು ತೋರ್ಸುದ್ರಲ್ಲ."

ಪೊಟ್ಟಣ ಒಡೆದರೆ ಅದು ಶುದ್ಧವಾಗಿ ಉಳಿಯುವುದಿಲ್ಲ, ಬೆಳಕಿನಲ್ಲಿಟ್ಟ ರಬ್ಬರು ಮೈಯೊಳಗೆ ಏನು ಮಾಡುತ್ತದೆಂದು ಯಾರೂ ಪರೀಕ್ಷಿಸಿಲ್ಲ, ಪ್ರಾಣಿಗಳ ಮೇಲೂ ಆಗಿಲ್ಲ, ಅದಕ್ಕೆ ವರ್ಷಗಟ್ಟಲೆ ಬೇಕು ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. "ಯಾರ್ ಯಾರ್ಗೋ ಆಯ್ತದ, ನನ್ ಗಂಡ್ನಿಗ್ ಮಾತ್ರ ಆಗದಿಲ್ಲ ಅಂತೀರಾ" ಎಂದು ಪೊಟ್ಟಣವನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಟುಹೋದಳು. ಆಮೇಲೆ ಒಂದು ವಾರ ಬೀಗ ತೆಗೆಯುತ್ತಿದ್ದಳು, ಗುಡಿಸುತ್ತಿದ್ದಳು, ಬಾಟಲಿ ತೊಳೆಯುತ್ತಿದ್ದಳು. ಮಾತಿಲ್ಲ. ಅವಳು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಆ ಮೌನದ ನಡುವೆಯೇ ಇನ್ನೊಂದು ಪೆಟ್ಟು ಬಿತ್ತು. ಹಂಗಳಕ್ಕೆ ಒಯ್ದ ತುಂಡಿನ ಜೊತೆಯಲ್ಲೇ ಮಾಡಿದ ಕೆಲವನ್ನು ಡಬ್ಬಿಯಲ್ಲಿ ಹಾಗೇ ಇಟ್ಟಿದ್ದೆ. ನವೆಂಬರಿನ ಒಂದು ಬೆಳಿಗ್ಗೆ ಅವುಗಳ ಮೇಲೆ ಹನಿ ಬಿಟ್ಟು ನೋಡಿದರೆ ನೀರು ಹರಡಲಿಲ್ಲ. ದುಂಡಗೆ ಕೂತಿತು. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ. ಹತ್ತು ಹದಿನೈದು ದಿನಗಳಲ್ಲಿ ರಬ್ಬರಿನ ಒಳಗಿನ ಸಣ್ಣ ಅಣುಸರಪಳಿಗಳು ಮೆಲ್ಲಗೆ ಮೇಲಕ್ಕೆ ಬಂದು ಹೊಸ ಮೈಯನ್ನು ಮುಚ್ಚಿಬಿಟ್ಟಿದ್ದವು. ಸಿಲಿಕೋನಿಗೆ ಈ ಗುಣ ಇದೆ ಎಂದು ಓದಿದ್ದೆ. ಇಷ್ಟು ಬೇಗ ಎಂದು ಎಣಿಸಿರಲಿಲ್ಲ. ಆ ದಿನ ಪಾಠ ಮಾಡಲಾಗಲಿಲ್ಲ, ಹುಡುಗರಿಗೆ ಲೆಕ್ಕ ಕೊಟ್ಟು ಕುಳಿತೆ.

ಹೇಳಬೇಕಾಗಿತ್ತು. ಆಸೆ ಹುಟ್ಟಿಸಿದವಳು ನಾನೇ ತಾನೇ. ಭಾನುವಾರ ಒಬ್ಬಳೇ ಹಂಗಳಕ್ಕೆ ಹೋದೆ. ರಸ್ತೆಯಿಂದ ಅವರ ಮನೆಯವರೆಗಿನ ನಾಲ್ಕು ಹೆಜ್ಜೆಯಲ್ಲಿ ಎರಡು ಸಲ ನಿಂತೆ. ಚಿಕ್ಕತಾಯಮ್ಮ ಮಣೆ ಹಾಕಿದಳು, ಅಷ್ಟೇ. ನಾನು ನಂಜಪ್ಪನಿಗೆ ನೇರವಾಗಿ ಹೇಳಿದೆ. "ನಾನು ತೋರಿಸಿದ್ದು ಹದಿನೈದು ದಿನವೂ ನಿಲ್ಲಲಿಲ್ಲ. ಆಗ ತೋರಿಸಬಾರದಿತ್ತು. ಅವಸರ ಮಾಡಿದೆ."

ಅವನು ನಗಲೂ ಇಲ್ಲ, ಬೇಸರಿಸಿಕೊಳ್ಳಲೂ ಇಲ್ಲ. ಕೆಲಸದವನು ಕೆಲಸದವಳನ್ನು ಕೇಳುವಂತೆ ಕೇಳಿದ. "ಬೆಳ್ಕಿಂದ ಈಚ್ಗ ತಗ್ದು ಏನ್ ಮಾಡ್ತೀರಿ?"

"ಏನೂ ಇಲ್ಲ. ಡಬ್ಬಿಯಲ್ಲಿಡುತ್ತೇನೆ."

"ಅಂಗಾರ ಅಷ್ಟೇಯ. ಹಳೇ ಗ್ವಾಡೆಗೆ ಗಾರೆ ಕಚ್ಚದಿಲ್ಲ ಅಂತ ಕೊಚ್ತೀವಲ್ಲ, ಕೊಚ್ಚಿ ನೀರೊಡ್ದು, ಹಸಿ ಇದ್ದಂಗೇ ಗಾರೆ ಮೆತ್ಬುಡ್ಬೇಕು. ಊಟ ಮಾಡ್ಕ ಬತ್ತೀನಿ ಅಂತ ಹೋದ್ರ ಮುಗೀತು, ಗ್ವಾಡೆ ಒಣಗ್ಬುಟ್ಟು ಧೂಳ್ ಕೂತ್ಕತದ. ನೀವು ಕೊಚ್ಚಿ ಬುಟ್ಬುಟ್ಟಿದ್ದೀರಿ. ಗಾರೇನೇ ಹಾಕಿಲ್ಲ."

ಇದನ್ನು ಅವನು ಕಂಡುಹಿಡಿದ ಎಂದು ನಾನು ಹೇಳುವುದಿಲ್ಲ. ಪ್ಲಾಸ್ಮಾ ಮುಗಿದ ಕೂಡಲೇ, ಮೈ ಇನ್ನೂ ಎಚ್ಚರವಾಗಿರುವಾಗಲೇ, ನೀರು ಹಿಡಿಯುವ ಇನ್ನೊಂದು ಪಾಲಿಮರಿನ ಪದರವನ್ನು ಅದಕ್ಕೆ ಕಸಿ ಮಾಡುವ ವಿಧಾನ ಲೇಖನಗಳಲ್ಲಿತ್ತು. ನಾನು ಓದಿ, ಅದು ರಸಾಯನಶಾಸ್ತ್ರದವರ ಕೆಲಸ, ನನಗೆ ಸಮಯವಿಲ್ಲ ಎಂದು ಪಕ್ಕಕ್ಕಿಟ್ಟಿದ್ದೆ. ಹಂಗಳದ ಆ ಮಂಚದ ಪಕ್ಕ ಕೂತಾಗ ನನಗಾದದ್ದು ಹೊಸ ಜ್ಞಾನವಲ್ಲ. ಅರ್ಧ ಕೆಲಸ ಮಾಡಿ ಪೂರ್ತಿ ಎಂದುಕೊಂಡಿದ್ದೆ ಎಂಬುದು ಗೊತ್ತಾಯಿತು, ಅಷ್ಟೇ. ಹೊರಡುವಾಗ ಚಿಕ್ಕತಾಯಮ್ಮ ಬಸ್ ನಿಲ್ದಾಣದವರೆಗೆ ಬಂದಳು. "ನಾಳ ಬೇಗ ಬತ್ತೀನಿ, ಬಾಟ್ಲು ಎಷ್ಟ್ ಬೇಕು?" ಎಂದಳು. ವಾರದ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಡಿಸೆಂಬರು, ಜನವರಿ. ತೆರಕಣಾಂಬಿಯ ಬಳಿ ಮಂಜಿನಲ್ಲಿ ಬಸ್ಸು ದೀಪ ಹಾಕಿಕೊಂಡು ತೆವಳುತ್ತಿತ್ತು. ಗಂಟೆ ಎತ್ತಿದ ಕೂಡಲೇ ತುಂಡನ್ನು ಬಿಸಿ ದ್ರಾವಣಕ್ಕೆ ಹಾಕಬೇಕು. ಅದರಲ್ಲಿ ಗಾಳಿ ಇರಬಾರದು. ಯೂಸುಫ್ ಎಲ್ಲಿಂದಲೋ ಒಂದು ಸಿಲಿಂಡರಿನಲ್ಲಿ ನೈಟ್ರೋಜನ್ ತಂದು, ಫ್ರಿಜ್ಜಿನ ತಾಮ್ರದ ಕೊಳವೆಯಿಂದಲೇ ಜೋಡಣೆ ಮಾಡಿಕೊಟ್ಟರು. ಚಿಕ್ಕತಾಯಮ್ಮ ಗಡಿಯಾರ ಹಿಡಿದು ನಿಲ್ಲುತ್ತಿದ್ದಳು. ನಾನು ಒಂದು ನಿಮಿಷ ತಡಮಾಡಿದರೆ "ಗ್ವಾಡೆ ಒಣಗ್ತಾ ಅದ" ಎನ್ನುತ್ತಿದ್ದಳು. ಹಲವು ಸಲ ಕೆಟ್ಟಿತು. ಒಮ್ಮೆ ಲೇಪ ಲೋಳೆಯಂತೆ ಕಿತ್ತುಬಂತು, ಒಮ್ಮೆ ಕರೆಂಟು ನಡುವೆಯೇ ಕೈಕೊಟ್ಟಿತು. ಫೆಬ್ರವರಿಯಲ್ಲಿ ಒಂದು ಜೊತೆ ತುಂಡು ನಿಂತಿತು. ಎರಡು ವಾರ, ಮೂರು ವಾರ, ನಾಲ್ಕು ವಾರ. ಹನಿ ಬಿಟ್ಟಾಗಲೆಲ್ಲ ಹರಡಿತು. ಹುರುಳಿರಸದ ಬಾಟಲಿಯಲ್ಲಿ ಹಕ್ಕಳೆ ಹತ್ತಲೇ ಇಲ್ಲ ಎನ್ನುವುದಿಲ್ಲ, ತಡವಾಗಿ, ತೆಳ್ಳಗೆ ಹತ್ತಿತು. ಯೂಸುಫ್ ಅವರನ್ನು ಕರೆದು ತೋರಿಸಿದೆ. ಅವರು ಗಂಟೆಯನ್ನು ಒಂದು ಸಲ ಮೆಲ್ಲಗೆ ತಟ್ಟಿದರು, ಕುದುರೆಯ ಕತ್ತು ತಟ್ಟುವ ಹಾಗೆ.

ಈ ನಡುವೆ ಇನ್ನೊಂದು ನಡೆಯಿತು. ಆ ವರ್ಷದ ಎಲ್ಲದರಲ್ಲಿ ನನಗೆ ಇಂದಿಗೂ ದೊಡ್ಡದೆನಿಸುವುದು ಅದೇ. ನಂಜಪ್ಪನ ಹಳೆಯ ನಳಿಕೆಗಳನ್ನು ಸಿಸ್ಟರ್ ಪ್ರತಿ ಸಲವೂ ಕೊಡುತ್ತಿದ್ದರು. ಕವರಿನ ಮೇಲೆ ಚಿಕ್ಕತಾಯಮ್ಮ ಹಾಕಿದ ದಿನ, ತೆಗೆದ ದಿನ ಎರಡನ್ನೂ ತನ್ನ ಅಚ್ಚಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದಳು. ಪ್ರಬಂಧದ ಕೋಷ್ಟಕಕ್ಕೆಂದು ನಾನು ಅವನ್ನು ಒಂದರ ಕೆಳಗೊಂದು ಬರೆಯತೊಡಗಿದೆ. ಆರು ನಳಿಕೆ ಬರೆಯುವಷ್ಟರಲ್ಲಿ ಪೆನ್ನು ನಿಂತಿತು. ಹಾಕಿದ್ದರಿಂದ ತೆಗೆಯುವವರೆಗಿನ ದಿನಗಳು: ಹದಿಮೂರು, ಹದಿನಾಲ್ಕು, ಹದಿಮೂರು, ಹದಿನೈದು, ಹದಿನಾಲ್ಕು, ಹದಿಮೂರು.

"ಚಿಕ್ಕತಾಯಮ್ಮ, ಇಲ್ಲಿ ನೋಡು. ಯಾವತ್ತು ಕಟ್ಟುತ್ತದೆ ಅಂತ ಗೊತ್ತಾಗುವುದಿಲ್ಲ ಅಂದಿದ್ದೆಯಲ್ಲ."

ಅವಳು ಬೆರಳಿಟ್ಟು ಓದಿದಳು. ಮತ್ತೆ ಓದಿದಳು. "ನಾನೇ ಬರ್ದಿವ್ನಿ. ನಂಗೇ ಕಾಣ್ನಿಲ್ವಲ್ಲ" ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಆ ಹಾಳೆಯನ್ನು ಹಿಡಿದುಕೊಂಡು ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಮನವಿಟ್ಟು ನೋಡಿದರು. "ಮೂರು ವಾರ ಅನ್ನುವುದು ಎಲ್ಲರಿಗೂ ಹೇಳುವ ಮಾತು. ಇವರಿಗೆ ಹನ್ನೊಂದನೆಯ ದಿನವೇ ಬದಲಿಸೋಣ. ಕಟ್ಟಿಕೊಳ್ಳುವವರೆಗೆ ಯಾಕೆ ಕಾಯಬೇಕು? ನೀರು ಹೆಚ್ಚು ಕುಡಿಯಲಿ, ನಿಂಬೆ ಪಾನಕವನ್ನೂ ಕೊಡಿ" ಎಂದರು. ಚಿಕ್ಕತಾಯಮ್ಮ ಪ್ರಿನ್ಸಿಪಾಲರ ಬಳಿಗೆ ಹೋಗಿ, ನಾನು ಜೊತೆಯಲ್ಲಿ ಬರುತ್ತೇನೆಂದರೂ ಬೇಡವೆಂದು, ತಾನೇ ಎಲ್ಲವನ್ನೂ ಹೇಳಿ, ಹನ್ನೊಂದು ದಿನಕ್ಕೊಂದು ಅರ್ಧ ದಿನದ ರಜೆ ಮೊದಲೇ ಬರೆಸಿಕೊಂಡಳು. ಪ್ರಿನ್ಸಿಪಾಲರು ಸಂಜೆ ನನ್ನನ್ನು ತಡೆದು, "ನನಗೆ ಮೊದಲೇ ಯಾಕೆ ಹೇಳಲಿಲ್ಲ ಆಕೆ" ಎಂದು ಪೆಚ್ಚಾಗಿ ಕೇಳಿದರು. ಆ ಬೇಸಿಗೆಯಲ್ಲಿ ಒಂದು ಸಲವೂ ನಂಜಪ್ಪನ ನಳಿಕೆ ಕಟ್ಟಿಕೊಳ್ಳಲಿಲ್ಲ. ಆಟೋ ಬರಲಿಲ್ಲ. ನನ್ನ ನೇರಳೆ ಬೆಳಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಆ ಬೆಳಕು ಇಲ್ಲದಿದ್ದರೆ ಆ ಹಾಳೆ ಹುಟ್ಟುತ್ತಿರಲಿಲ್ಲ ಎಂದು ಚಿಕ್ಕತಾಯಮ್ಮ ವಾದಿಸುತ್ತಿದ್ದಳು. ನಾನು ಆ ವಾದಕ್ಕೆ ಎದುರಾಡಲಿಲ್ಲ.

ಜೂನಿನ ಮೂರನೆಯ ವಾರ, ಬೆಟ್ಟದ ಕಡೆಯಿಂದ ನಿಜವಾದ ಮಳೆ ಬಂದ ದಿನ, ಪ್ರಬಂಧದ ಪ್ರತಿಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಮೈಸೂರಿಗೆ ಹೋಗಿ ಕೊಟ್ಟುಬಂದೆ.

ಮೌಖಿಕ ಪರೀಕ್ಷೆ ಮರುವರ್ಷ ನಡೆಯಿತು. ಅದು ಎಲ್ಲರಿಗೂ ತೆರೆದ ಸಭೆ, ಯಾರು ಬೇಕಾದರೂ ಬಂದು ಕೂರಬಹುದು ಎಂದು ಚಿಕ್ಕತಾಯಮ್ಮನಿಗೆ ಬಾಯಿಮಾತಿಗೆ ಹೇಳಿದ್ದೆ. ಬೆಳಿಗ್ಗೆ ಹತ್ತೂವರೆಗೆ ಮೈಸೂರಿನ ವಿಭಾಗದ ಮುಂದೆ ಯೂಸುಫ್ ಅವರ ಸಾಮಾನು ವ್ಯಾನು ನಿಂತಿತು. ಹಿಂದಿನ ಬಾಗಿಲು ತೆಗೆದರೆ ಗಾಲಿಕುರ್ಚಿಯಲ್ಲಿ ನಂಜಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಕ್ಕದಲ್ಲಿ ಚಿಕ್ಕತಾಯಮ್ಮ. ಸಭಾಂಗಣಕ್ಕೆ ಆರು ಮೆಟ್ಟಿಲು. ಯೂಸುಫ್ ಒಂದು ಕಡೆ ಹಿಡಿದರು. ಇನ್ನೊಂದು ಕಡೆ ಹಿಡಿದವರು ನನ್ನ ಗೈಡು.

ನಾನು ಮುಕ್ಕಾಲು ಗಂಟೆ ಮಾತಾಡಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕಠಿಣವಾದ ನಾಲ್ಕು ಪ್ರಶ್ನೆ ಕೇಳಿದರು. ಉತ್ತರಿಸಿದೆ. ಆಮೇಲೆ ಅವರು ರೂಢಿಯಂತೆ ಸಭೆಯ ಕಡೆ ತಿರುಗಿ, "ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದರು. ಸಾಮಾನ್ಯವಾಗಿ ಆಗ ಎಲ್ಲರೂ ಗಡಿಯಾರ ನೋಡುತ್ತಾರೆ.

ಹಿಂದಿನಿಂದ ನಂಜಪ್ಪನ ಕೈ ಮೇಲೆದ್ದಿತು. "ನಾಲ್ಕ್ ವಾರ ನಿಂತದ ಅಂದ್ರಿ ಮೇಡಮ್ಮೋರೆ. ಒಳಗ್ ಹಾಕುದ್ಮ್ಯಾಲೆ, ಮೈ ಬಿಸೀಲಿ, ಎಷ್ಟ್ ದಿವ್ಸ ಬಾಳಿಕೆ ಬತ್ತದ?"

ಇಡೀ ಪ್ರಬಂಧದಲ್ಲಿ ನಾನು ಹೆದರುತ್ತಿದ್ದ ಪ್ರಶ್ನೆ ಅದೊಂದೇ. ಪರೀಕ್ಷಕರು ಅದನ್ನು ಕೇಳಿರಲಿಲ್ಲ. "ಗೊತ್ತಿಲ್ಲ" ಎಂದೆ. "ಬಾಟಲಿಯಲ್ಲಿ ನೋಡಿದ್ದಷ್ಟೇ ನನಗೆ ಗೊತ್ತು. ಒಳಗೆ ಹಾಕಿ ನೋಡಲು ಇನ್ನೂ ಬಹಳ ಜನ, ಬಹಳ ವರ್ಷ ಕೆಲಸ ಮಾಡಬೇಕು."

"ಅಂಗ್ ಹೇಳಿ" ಎಂದು ನಂಜಪ್ಪ ತಲೆಯಾಡಿಸಿದ. ಪರೀಕ್ಷಕರು ಕನ್ನಡಕ ತೆಗೆದು ಅವನ ಕಡೆಗೆ ನೋಡಿದರು. "ಈ ಪ್ರಶ್ನೆ ವರದಿಯಲ್ಲಿ ಹೋಗಬೇಕು" ಎಂದರು.

ಪ್ರಶ್ನೆ ಕೇಳಿದವರು ಒಂದು ಚೀಟಿಯಲ್ಲಿ ಪ್ರಶ್ನೆ, ಹೆಸರು, ಹುದ್ದೆ ಬರೆದು ಕೊಡಬೇಕೆಂಬ ನಿಯಮವಿತ್ತು. ಗೈಡು ಚೀಟಿಯನ್ನು ಅವನ ಬಳಿಗೆ ಒಯ್ದರು. ಚಿಕ್ಕತಾಯಮ್ಮ ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಬರೆದಳು, ಹೆಸರು ಬರೆದಳು. ಹುದ್ದೆ ಎಂಬಲ್ಲಿ ಬಂದು ಪೆನ್ನು ತಡೆದು ಗಂಡನ ಮುಖ ನೋಡಿದಳು. ಬಿದ್ದ ಮೇಲೆ ಆಸ್ಪತ್ರೆಯ ಕಾಗದಗಳಲ್ಲೆಲ್ಲ ಆ ಜಾಗದಲ್ಲಿ ಒಂದು ಗೆರೆ ಎಳೆದು ಬಿಡುತ್ತಿದ್ದರಂತೆ, ಆಮೇಲೆ ಹೇಳಿದಳು.

ನಂಜಪ್ಪ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ನಿಧಾನವಾಗಿ ತಾನೇ ಬರೆದ: ಗಾರೆ ಮೇಸ್ತ್ರಿ, ಹಂಗಳ.